ಶೀತಗೃಹವೂ ಅದರ ಯಜಮಾನನೂ

ಹಣ್ಣಿನ ಮಂಡಿ, ಹೋಟೆಲು, ಮೀನಿನಂಗಡಿಗಳನ್ನು ನಡೆಸುವ ನಮ್ಮ ಪಟ್ಟಣಗಳ ವರ್ತಕರು ಈಚೆಗೆ ತಮ್ಮ ಹಿತ್ತಲಿನಲ್ಲಿಯೇ ಕೋಲ್ಡ್ ರೂಮನ್ನು ಕಟ್ಟಿಸಿಕೊಳ್ಳುತ್ತಿರುವುದು ಶ್ಲಾಘ್ಯವೇ ಆದರೂ, ಕೊಳ್ಳುವ ಕಾಲದಲ್ಲಿ ಅವರು ಕೇಳುವ ಪ್ರಶ್ನೆಗಳು ಬಹುಮಟ್ಟಿಗೆ ಎರಡೇ: ಎಷ್ಟು ಟನ್ನು ಹಿಡಿಯುತ್ತದೆ, ಎಷ್ಟು ರೂಪಾಯಿ ಆಗುತ್ತದೆ. ಒಳಗಿಡುವ ಪದಾರ್ಥದ ಸ್ವಭಾವವೇನು, ಕೋಣೆಯನ್ನು ನಿತ್ಯವೂ ನೋಡಿಕೊಳ್ಳುವವರಾರು ಎಂಬ ಪ್ರಶ್ನೆಗಳು ಏಳುವುದು ಸರಕು ಕೆಟ್ಟ ತರುವಾಯ. ಈ ಕ್ರಮ ತಿರುವುಮುರುವಾಗಬೇಕೆಂಬುದೇ ನನ್ನ ವಾದ.

ಶೈತ್ಯವೆಂಬುದು ಸರ್ವಪದಾರ್ಥಗಳಿಗೂ ಸಮಾನವಾದ ಸಂಜೀವಿನಿಯಲ್ಲ. ಸೇಬು ಸೊನ್ನೆ ಡಿಗ್ರಿಯ ಸಮೀಪದಲ್ಲಿ ತಿಂಗಳುಗಟ್ಟಲೆ ಬಾಳುವುದು. ಬಾಳೆಯಾದರೋ ಸುಮಾರು 13 ಡಿಗ್ರಿ ಸೆಲ್ಸಿಯಸ್ಸಿಗಿಂತ ಕೆಳಗಿಳಿದರೆ ಸಿಪ್ಪೆ ಕಪ್ಪಿಟ್ಟು, ಹೊರಗೆ ತಂದ ಮೇಲೂ ಸರಿಯಾಗಿ ಹಣ್ಣಾಗಲಾರದು. ಸೇಬು ಹೊರಸೂಸುವ ಎಥಿಲೀನ್ ಅನಿಲವು ಪಕ್ಕದಲ್ಲಿಟ್ಟ ಕ್ಯಾರೆಟ್ಟನ್ನು ಕಹಿಯಾಗಿಸುತ್ತದೆ. ಸೊಪ್ಪುಗಳಿಗೆ ಶೇ. 90ಕ್ಕೂ ಮಿಕ್ಕ ಆರ್ದ್ರತೆ ಬೇಕು. ಬ್ಯಾಡಗಿಯ ಒಣಮೆಣಸಿನಕಾಯಿ ಅಂಥ ತೇವದಲ್ಲಿ ಬೂಷ್ಟು ಹಿಡಿಯುವುದು. ಬಣ್ಣ ಮಾಸದಂತೆ ಕಾಯಿಯನ್ನು ಕಾಪಾಡುವ ಬ್ಯಾಡಗಿಯ ಶೀತಾಗಾರವನ್ನು ನೋಡಿ ಬಂದು, ಸೊಪ್ಪಿನ ವ್ಯಾಪಾರಿಯೊಬ್ಬನು ಅದರ ತದ್ರೂಪವನ್ನೇ ಕಟ್ಟಿಸಿದನಾದರೆ ಅವನ ಸೊಪ್ಪು ತಂಪಿನಲ್ಲಿಯೇ ಬಾಡುವುದು.

ದಾಸ್ತಾನಿಗೆಂದು ಲೆಕ್ಕಹಾಕಿದ ಯಂತ್ರವು ಬಿಸಿಲಿನಲ್ಲಿ ಬಂದ ಲಾರಿಯ ಸರಕನ್ನೆಲ್ಲ ಒಮ್ಮೆಗೇ ತಣಿಸಬಲ್ಲುದೆಂಬುದು ಮತ್ತೊಂದು ಭ್ರಮೆ. ಕೊಯ್ದ ಮೇಲೂ ಫಲಗಳು ಉಸಿರಾಡುತ್ತಲೇ ಇರುತ್ತವೆ. ಉಷ್ಣತೆ 10 ಡಿಗ್ರಿ ಏರಿತೆಂದರೆ ಆ ಉಸಿರಾಟ ಎರಡು ಮೂರು ಪಟ್ಟಾಗಿ, ಅದರಿಂದ ಹುಟ್ಟಿದ ಕಾವಿನ ಹೊರೆಯೂ ಯಂತ್ರದ ಮೇಲೆಯೇ ಬೀಳುವುದು. ದಿನಕ್ಕೆ ಎಷ್ಟು ಸರಕು ಎಷ್ಟು ಬಿಸಿಯಾಗಿ ಒಳಬರುವುದು, ಬಾಗಿಲು ಎಷ್ಟು ಸಲ ತೆರೆಯುವುದು ಎಂಬುದನ್ನು ಬರೆದುಕೊಡದೆ ದರಪಟ್ಟಿ ಕೇಳುವುದು ಅಳತೆ ಕೊಡದೆ ದರ್ಜಿಗೆ ಬಟ್ಟೆ ಒಪ್ಪಿಸಿದಂತೆ. ಅಗ್ಗವೆಂದು ಹಳೆಯ ಯಂತ್ರ ಕೊಳ್ಳುವವರು ಅದರೊಳಗಿನ ಅನಿಲವನ್ನೂ ವಿಚಾರಿಸಬೇಕು. 1987ರ ಮಾಂಟ್ರಿಯಲ್ ಒಪ್ಪಂದದ ಮೇರೆಗೆ ಹಳೆಯ ಯಂತ್ರಗಳಲ್ಲಿರುವ ಆರ್-22 ಎಂಬ ಶೈತ್ಯಕಾರಿ ಅನಿಲವು ಹಂತಹಂತವಾಗಿ ತೆರೆಮರೆಗೆ ಸರಿಯುತ್ತಿದೆ.

ಇನ್ನು ಪೋಷಣೆಯ ಮಾತು. ಒಳಗಿನ ಕಾವನ್ನು ಹೊರಚೆಲ್ಲುವ ಕಂಡೆನ್ಸರನ್ನು ಹೋಟೆಲಿನವರು ಅಡಿಗೆಮನೆಯ ಹೊಗೆ ಬರುವ ಇಕ್ಕಟ್ಟಿನ ಮೂಲೆಗೇ ನೂಕುತ್ತಾರೆ. ಎಣ್ಣೆಯ ಜಿಡ್ಡಿಗೆ ಧೂಳು ಕೂಡಿ ಅದರ ರೆಕ್ಕೆಗಳು ಮುಚ್ಚಿಹೋದಾಗ ಯಂತ್ರ ಹಗಲಿರುಳೂ ಓಡುತ್ತದೆ, ಕೋಣೆ ಮಾತ್ರ ತಣಿಯದು, ಬೈಗುಳವೆಲ್ಲ ಕಂಪ್ರೆಸರಿಗೆ. ಬಾಗಿಲಿನ ರಬ್ಬರು ಹರಿದಲ್ಲಿ ನುಗ್ಗಿದ ತೇವದ ಗಾಳಿಯು ಒಳಗಿನ ಸುರುಳಿಗಳ ಮೇಲೆ ಹಿಮವಾಗಿ ಕಟ್ಟಿ ಗಾಳಿಯ ದಾರಿಯನ್ನೇ ಮುಚ್ಚಿಬಿಡುವುದು. ಕೆಲವೇ ನೂರು ರೂಪಾಯಿಗಳ ಈ ರಬ್ಬರಿನ ವಿಷಯದಲ್ಲಿ ಧಾರಾಳಿಗಳೂ ಜಿಪುಣರಾಗುವುದು ನನಗೆ ಇಂದಿಗೂ ಅರ್ಥವಾಗದ ಸೋಜಿಗ. ಪಂಖದ ಮುಂದೆಯೇ ಕ್ರೇಟುಗಳನ್ನು ಸೂರಿನವರೆಗೆ ಪೇರಿಸುವುದೂ ಇಂಥದೇ ಅಪಚಾರ. ಬಾಗಿಲನ್ನು ಒಳಗಿನಿಂದ ತೆರೆಯುವ ಹಿಡಿಯು ಕೆಟ್ಟಿದ್ದರೆ ಅಂದೇ ಸರಿಪಡಿಸಬೇಕು. ಅಲ್ಲಿ ಪಣಕ್ಕಿರುವುದು ಸರಕಲ್ಲ, ಕೂಲಿಯಾಳಿನ ಪ್ರಾಣ.

ಸಮಗ್ರ ತೋಟಗಾರಿಕೆ ಅಭಿವೃದ್ಧಿ ಮಿಷನ್ನಿನಂಥ ಯೋಜನೆಗಳು ಸಾಮಾನ್ಯ ಪ್ರದೇಶಗಳಲ್ಲಿ ಶೀತಗೃಹದ ನಿಗದಿತ ವೆಚ್ಚದ ಶೇ. 35ರಷ್ಟನ್ನು ಸಹಾಯಧನವಾಗಿ ಕೊಡುತ್ತವೆ. ಆ ಉದಾರತೆಯ ದೃಷ್ಟಿ ಕಟ್ಟುವುದರ ಮೇಲಿದೆಯೇ ಹೊರತು ಉಳಿಸಿಕೊಳ್ಳುವುದರ ಮೇಲಿಲ್ಲ. ಆ ಹಣದ ಒಂದು ಪಾಲನ್ನು ತಡೆದಿಟ್ಟು, ಎರಡು ವರ್ಷಗಳ ಉಷ್ಣತೆಯ ದಾಖಲೆಪುಸ್ತಕವನ್ನು ನೋಡಿದ ಮೇಲೆ ಬಿಡುಗಡೆ ಮಾಡುವುದು ಯುಕ್ತವೆಂದು ತೋರುತ್ತದೆ. ವರ್ತಕರಾದರೂ ಸರ್ಕಾರದ ದಾರಿ ಕಾಯಬೇಕಾಗಿಲ್ಲ: ಐಟಿಐಯಲ್ಲಿ ಶೈತ್ಯಯಂತ್ರದ ಕಸುಬು ಕಲಿತ ಹುಡುಗನೊಬ್ಬನನ್ನು ಒಂದೇ ಮಾರುಕಟ್ಟೆಯ ಹತ್ತು ಮಂದಿ ಕೂಡಿ ತಿಂಗಳ ಸಂಬಳಕ್ಕೆ ಗೊತ್ತುಮಾಡಿಕೊಂಡರೆ, ತಲೆಗೆ ಬೀಳುವ ಖರ್ಚು ಕೊಳೆತು ಚೆಲ್ಲುವ ಮಾಲಿನ ಬೆಲೆಗಿಂತ ಹೆಚ್ಚಾಗಲಾರದು.