ಕಾಣದ ಕಾಯಿಲೆಗೆ ಕಾವಲು ಯಾರು?

ಗಾಲಿಕುರ್ಚಿಯಲ್ಲಿ ಬಂದವರಿಗೆ ನಾವು ದಾರಿ ಬಿಡುತ್ತೇವೆ. ಬಿಳಿಕೋಲು ಹಿಡಿದವರನ್ನು ರಸ್ತೆ ದಾಟಿಸುತ್ತೇವೆ. ಆದರೆ ಗಟ್ಟಿಮುಟ್ಟಾಗಿ ಕಾಣುವ ಹುಡುಗನೊಬ್ಬ ಕೆಲಸದ ನಡುವೆ ‘ಸ್ವಲ್ಪ ಕೂರ್ತೀನಿ’ ಎಂದರೆ ಸೋಮಾರಿ ಎಂದುಬಿಡುತ್ತೇವೆ. ಮೂರ್ಛೆ ರೋಗ, ಇನ್ಸುಲಿನ್ ಬೇಕಾಗುವ ಸಕ್ಕರೆ ಕಾಯಿಲೆ, ಖಿನ್ನತೆ, ವರ್ಷಗಟ್ಟಲೆ ಬಿಡದ ನರದ ನೋವು, ಇವೆಲ್ಲ ಮುಖದ ಮೇಲೆ ಬರೆದಿರುವುದಿಲ್ಲ. ಕಾಣದ್ದನ್ನು ಇಲ್ಲವೆಂದೇ ತಿಳಿಯುವುದು ನಮ್ಮೆಲ್ಲರ ರೂಢಿ.

ಆಸ್ಪತ್ರೆಯಲ್ಲಿ ಔಷಧ ಕೊಡುವ ನಾವು ವೈದ್ಯರಲ್ಲ, ಡಿ.ಫಾರ್ಮಾ ಓದಿ ಬಂದವರು. ಆದರೂ ರೂಮಿನಲ್ಲಿ ಆರೇಳು ವರ್ಷ ಜೊತೆಗಿದ್ದವರಿಗೂ ತಿಳಿಯದ ಗುಟ್ಟು ನಮ್ಮ ಕೌಂಟರಿಗೆ ತಿಳಿದಿರುತ್ತದೆ. ಕನ್ನಡ ಕೇಳಿ ಮುಖ ಅರಳಿಸಿದವರೇ ಮರುಕ್ಷಣ ದನಿ ತಗ್ಗಿಸಿ, ‘ಸರ್, ಚೀಟಿ ಅಂಟಿಸಬೇಡಿ, ರೂಮಿನವರು ನೋಡ್ತಾರೆ’ ಎನ್ನುತ್ತಾರೆ. ಫಿಟ್ಸ್ ಮಾತ್ರೆಯನ್ನು ವಿಟಮಿನ್ ಡಬ್ಬಿಗೆ ಸುರಿದುಕೊಳ್ಳುವವರಿದ್ದಾರೆ. ಎಲ್ಲರೆದುರು ನುಂಗಲು ನಾಚಿ ಡೋಸ್ ತಪ್ಪಿಸುವವರೂ ಇದ್ದಾರೆ. ಕಾಯಿಲೆಗಿಂತ ಈ ಮುಚ್ಚುಮರೆಯೇ ಎಷ್ಟೋ ಸಲ ಹೆಚ್ಚು ಅಪಾಯ ತರುತ್ತದೆ.

ಪಶ್ಚಿಮದ ದೇಶಗಳಲ್ಲಿ ಇಂಥವರ ಜೊತೆಗೆ ತರಬೇತಿ ಪಡೆದ ಸೇವಾ ನಾಯಿಗಳಿರುತ್ತವೆ. ಮೊದಲನೇ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗೆಂದು 1916ರಲ್ಲಿ ಜರ್ಮನಿಯ ಓಲ್ಡೆನ್‌ಬರ್ಗ್‌ನಲ್ಲಿ ಮಾರ್ಗದರ್ಶಿ ನಾಯಿಗಳ ಶಾಲೆ ಶುರುವಾಯಿತು. ಇಂದು ಹೊರಗೆ ಕಾಣದ ಕಾಯಿಲೆಗಳಿಗೂ ನಾಯಿಗಳನ್ನು ತಯಾರು ಮಾಡುತ್ತಾರೆ. ಯಜಮಾನನಿಗೆ ಫಿಟ್ಸ್ ಬಂದರೆ ಬೊಗಳಿ ಜನ ಸೇರಿಸುವ ನಾಯಿ, ರಕ್ತದ ಸಕ್ಕರೆ ಇಳಿದಾಗ ವಾಸನೆ ಹಿಡಿದು ಮೊಣಕಾಲು ತಟ್ಟುವ ನಾಯಿ, ದುಃಸ್ವಪ್ನದಿಂದ ನರಳುವ ಮಾಜಿ ಸೈನಿಕನನ್ನು ಎಬ್ಬಿಸುವ ನಾಯಿ ಹೀಗೆ. ನಾಯಿ ಇದೆಯೆಂದು ಗ್ಲೂಕೋಮೀಟರ್ ಬಿಡುವಂತಿಲ್ಲ, ನಾಯಿಗೂ ತಪ್ಪುತ್ತದೆ. ಆದರೂ ‘ಯಾರೋ ನೋಡಿಕೊಳ್ಳುತ್ತಿದ್ದಾರೆ’ ಎಂಬ ಧೈರ್ಯದಿಂದ ಎಷ್ಟೋ ಜನ ಮನೆಯಿಂದ ಹೊರಬಂದಿದ್ದಾರೆ.

ಅಲ್ಲಿಯೂ ‘ನೀವು ಚೆನ್ನಾಗೇ ಇದ್ದೀರಲ್ಲ, ನಾಯಿ ಯಾಕೆ?’ ಎಂಬ ಪ್ರಶ್ನೆ ತಪ್ಪಿದ್ದಲ್ಲ. ಅದಕ್ಕೇ ಅಮೆರಿಕದ ನಿಯಮದಂತೆ ಅಂಗಡಿಯವರು ಎರಡೇ ಪ್ರಶ್ನೆ ಕೇಳಬಹುದು: ಅಂಗವೈಕಲ್ಯದ ಕಾರಣಕ್ಕೆ ಈ ನಾಯಿ ಬೇಕಾಗಿದೆಯೇ? ಯಾವ ಕೆಲಸಕ್ಕೆ ಇದು ತರಬೇತಿ ಪಡೆದಿದೆ? ಕಾಯಿಲೆ ಯಾವುದೆಂದು ಕೆದಕುವಂತಿಲ್ಲ, ಕಾಗದ ತೋರಿಸೆನ್ನುವಂತಿಲ್ಲ. ನೆರವಾಗಲು ಬೇಕಾದಷ್ಟನ್ನು ಮಾತ್ರ ಕೇಳು ಎಂಬುದು ಇದರ ತಿರುಳು.

ನಾಯಿಯ ನಿಷ್ಠೆ ನಮಗೆ ಹೊಸದಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸುಮಾರು 949ರಲ್ಲಿ, ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿದ ನಾಡು ನಮ್ಮದು. ಆದರೆ ನಾವಿರುವ ಕ್ಯಾಂಪಿಗೆ ನಾಯಿ ಬರಲಾರದು. ಒಂದು ರೂಮಿನಲ್ಲಿ ಆರೆಂಟು ಮಂಚ, ಹೊರಗೆ ಕಾದ ಡಾಂಬರು. ನಾಯಿ ಮುಟ್ಟಿದರೆ ಶುದ್ಧವಾಗಬೇಕೆಂಬ ಧರ್ಮನಿಯಮ ನಮ್ಮ ಜೊತೆಗಿರುವ ಅನೇಕರಿಗಿದೆ, ಅದನ್ನೂ ಗೌರವಿಸಬೇಕು. ಹಾಗಾದರೆ ಕಾವಲು ಯಾರು?

ನಾಯಿ ಮಾಡುವುದಾದರೂ ಏನು? ತನ್ನವನ ದಿನನಿತ್ಯದ ನಡೆ ಅರಿತು ವ್ಯತ್ಯಾಸ ಗುರುತಿಸುತ್ತದೆ. ಕಷ್ಟದ ಹೊತ್ತಲ್ಲಿ ಬಿಟ್ಟು ಓಡುವುದಿಲ್ಲ. ಸಹಾಯ ಕರೆಯುತ್ತದೆ. ಈ ಮೂರೂ ಕೆಲಸ ಪಕ್ಕದ ಮಂಚದವನಿಂದ ಆಗುತ್ತದೆ. ನಾಯಿಗೆ ವರ್ಷಗಟ್ಟಲೆ ತರಬೇತಿ ಬೇಕು, ರೂಮ್‌ಮೇಟ್‌ಗೆ ಒಂದು ಸಂಜೆಯ ಚಹಾದ ಹೊತ್ತು ಸಾಕು. ಅವನೂ ಎರಡೇ ಪ್ರಶ್ನೆ ಕೇಳಲಿ: ‘ನಿನಗೆ ಏನಾಗುತ್ತದೆ? ಆಗ ನಾನೇನು ಮಾಡಲಿ?’

ಫಿಟ್ಸ್ ಬಂದವನ ಕೈಗೆ ಕಬ್ಬಿಣ ಕೊಡುವುದು, ಮೂಗಿಗೆ ಚಪ್ಪಲಿ ಹಿಡಿಯುವುದು, ಹಲ್ಲಿನ ನಡುವೆ ಚಮಚ ತುರುಕುವುದು ಯಾವುದೂ ಬೇಡ. ಸುತ್ತಲಿನ ಚೂಪು ವಸ್ತು ಸರಿಸಿ, ತಲೆಯಡಿ ಮೆತ್ತಗಿನದ್ದೇನಾದರೂ ಇಡಿ, ಅದುಮಿ ಹಿಡಿಯಬೇಡಿ, ಗಡಿಯಾರ ನೋಡಿ. ನಡುಕ ನಿಂತ ಮೇಲೆ ಒಂದು ಮಗ್ಗುಲಿಗೆ ತಿರುಗಿಸಿ. 5 ನಿಮಿಷ ದಾಟಿದರೆ, ಅಥವಾ ಒಂದರ ಹಿಂದೆ ಇನ್ನೊಂದು ಬಂದರೆ ಆಂಬುಲೆನ್ಸ್ ಕರೆಯಿರಿ. ಯುಎಇಯಲ್ಲಿ ಅದರ ಸಂಖ್ಯೆ 998.

ಸಕ್ಕರೆ ಇಳಿದವನು ಬೆವರುತ್ತಾನೆ, ನಡುಗುತ್ತಾನೆ, ಕುಡಿದವನಂತೆ ತೊದಲುತ್ತಾನೆ. ಬೇಸಿಗೆಯ ಸೈಟಿನಲ್ಲಿ ಇದನ್ನು ಬಿಸಿಲಿನ ಸುಸ್ತು ಎಂದುಕೊಳ್ಳುವುದು ಸುಲಭ. ಎಚ್ಚರವಿದ್ದರೆ ಮೂರು ಟೀ ಚಮಚ ಸಕ್ಕರೆ ಅಥವಾ ಅರ್ಧ ಲೋಟ ಜ್ಯೂಸ್ ಕೊಟ್ಟು, 15 ನಿಮಿಷದ ಮೇಲೆ ಮತ್ತೆ ಪರೀಕ್ಷಿಸಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ 998ಕ್ಕೆ ಕರೆಮಾಡಿ.

‘ಹೇಳಿದರೆ ಕೆಲಸ ಹೋಗುತ್ತದೆ, ಊರಲ್ಲಿ ಸಾಲವಿದೆ’ ಎನ್ನುತ್ತಾರೆ. ಆ ಭಯ ಸುಳ್ಳಲ್ಲ, ಬರೀ ಉಪದೇಶದಿಂದ ಹೋಗುವುದೂ ಅಲ್ಲ. ಎಲ್ಲರಿಗೂ ಸಾರಬೇಕಿಲ್ಲ, ನಂಬಿಕೆಯ ಒಬ್ಬರಿಗೆ ಹೇಳಿದರೆ ಸಾಕು. ಆದರೆ ಫಿಟ್ಸ್ ಇರುವವರು ಸ್ಟೇರಿಂಗ್ ಹಿಡಿಯುವುದು, ಎತ್ತರದ ಕಟ್ಟಡದ ಮೇಲೆ ನಿಲ್ಲುವುದು ಬೇರೆ ಮಾತು. ಅಲ್ಲಿ ಬೇರೆಯವರ ಜೀವವೂ ಇದೆ. ವೈದ್ಯರಿಗೆ ಹೇಳಿ ಬೇರೆ ಕೆಲಸ ಕೇಳುವುದೇ ದಾರಿ. ಕೇಳುವವನ ಬೆನ್ನಿಗೆ ನಿಲ್ಲುವುದು ನಮ್ಮ ಕರ್ತವ್ಯ.

ಇನ್ನೊಂದು ಎಚ್ಚರಿಕೆ. ಮಾತ್ರೆಯನ್ನು ಅದರ ಮೂಲ ಪೊಟ್ಟಣದಲ್ಲೇ ಇಡಿ, ವೈದ್ಯರ ಚೀಟಿ ಜೊತೆಗಿರಲಿ. ಊರಲ್ಲಿ ಮಾಮೂಲಾಗಿ ಬರೆದುಕೊಡುವ ಕ್ಲೋನಜೆಪಾಮ್, ಪ್ರೆಗಾಬಾಲಿನ್, ಟ್ರಮಡಾಲ್ ಯುಎಇಯಲ್ಲಿ ನಿಯಂತ್ರಿತ ಔಷಧಗಳು. ಮೊದಲೇ ಸರ್ಕಾರದ ಅನುಮತಿ ಪಡೆಯದೆ ತಂದರೆ ವಿಮಾನ ನಿಲ್ದಾಣದಲ್ಲೇ ತೊಂದರೆ. ಗೆಳೆಯನ ಕೈಯಲ್ಲಂತೂ ಕಳಿಸಲೇಬೇಡಿ.

ಯುಎಇ 2017ರಿಂದ ಅಂಗವಿಕಲರನ್ನು ‘ದೃಢಸಂಕಲ್ಪದ ಜನ’ ಎಂದು ಕರೆಯುತ್ತಿದೆ. ದುಬೈ ವಿಮಾನ ನಿಲ್ದಾಣದಲ್ಲಿ ಕಾಣದ ತೊಂದರೆಯಿರುವವರಿಗೆ ಸೂರ್ಯಕಾಂತಿ ಚಿತ್ರದ ಕೊರಳಪಟ್ಟಿ ಸಿಗುತ್ತದೆ. ಅದನ್ನು ಧರಿಸಿದವರಿಗೆ ಸಿಬ್ಬಂದಿ ತಾಳ್ಮೆಯಿಂದ ನೆರವಾಗುತ್ತಾರೆ. ಊರಿಗೆ ಹೋಗುವಾಗ ಕೇಳಿ ಪಡೆಯಲು ಸಂಕೋಚ ಬೇಡ.

ನಮ್ಮ ಸಂಘ ರಾಜ್ಯೋತ್ಸವ ಮಾಡುತ್ತದೆ, ರಕ್ತದಾನ ಶಿಬಿರ ಮಾಡುತ್ತದೆ. ಈ ವರ್ಷ ಪ್ರತಿ ಕಾರ್ಯಕ್ರಮದಲ್ಲೂ ಹಾಡು ಕುಣಿತದ ನಡುವೆ 15 ನಿಮಿಷ ನಮಗೆ ಕೊಡಲಿ. ಫಿಟ್ಸ್ ಬಂದವರನ್ನು ಮಗ್ಗುಲಿಗೆ ತಿರುಗಿಸುವುದು ಹೇಗೆ, ಗ್ಲೂಕೋಮೀಟರ್ ಬಳಸುವುದು ಹೇಗೆ ಎಂದು ಔಷಧ ವಿಭಾಗದ, ನರ್ಸಿಂಗ್ ವಿಭಾಗದ ಕನ್ನಡಿಗರು ತೋರಿಸಿಕೊಡುತ್ತೇವೆ. ಹಣ ಬೇಡ, ಚಾಪೆಯೊಂದಿದ್ದರೆ ಸಾಕು.