ಪುಟ್ ಅಪ್: ಎಲ್ಲಿ ಇಳಿದುಕೊಂಡಿದ್ದೀರಿ?

ಊರು ಬಿಟ್ಟು ಮುಂಬಯಿಗೆ ಬಂದ ಹೊಸದರಲ್ಲಿ ನನಗೆ ಹೆಚ್ಚು ಸಲ ಎದುರಾದ ಇಂಗ್ಲಿಷ್ ಪ್ರಶ್ನೆ ‘ವೇರ್ ಆರ್ ಯೂ ಪುಟ್ ಅಪ್?’ ಪುಟ್ ಎಂದರೆ ಇಡು, ಅಪ್ ಎಂದರೆ ಮೇಲೆ. ನನ್ನನ್ನು ಯಾವ ಅಟ್ಟದ ಮೇಲಿಟ್ಟಿದ್ದಾರೆ ಎಂದು ಕೇಳುತ್ತಿದ್ದಾರೋ ಎಂದು ಗಲಿಬಿಲಿ. ಕೇಳುತ್ತಿದ್ದದ್ದು ಇಷ್ಟೇ: ಎಲ್ಲಿ ಇಳಿದುಕೊಂಡಿದ್ದೀರಿ? ನಾವು ಇಳಿಯುವಲ್ಲಿ ಇಂಗ್ಲಿಷಿನವರು ಏರುತ್ತಾರೆ ನೋಡಿ!

ಈ ಜೋಡಿಪದದ ಸಂಸಾರ ದೊಡ್ಡದು. ಡೇರೆ ಹಾಕುವುದು, ಗೋಡೆಗೆ ಪೋಸ್ಟರ್ ಅಂಟಿಸುವುದು, ಕೊಡೆ ಬಿಚ್ಚುವುದು, ಬಾಡಿಗೆ ಏರಿಸುವುದು, ಎಲ್ಲಕ್ಕೂ ಪುಟ್ ಅಪ್ ನಡೆಯುತ್ತದೆ. ನಮ್ಮ ಸರಕಾರಿ ಕಚೇರಿಗಳಲ್ಲಿ ಸಾಹೇಬರು ‘ಪುಟ್ ಅಪ್ ದ ಫೈಲ್’ ಎಂದರೆ ಕಡತವನ್ನು ಮಂಡಿಸಿ ಎಂದರ್ಥ. ಭೂತಕಾಲದಲ್ಲೂ ರೂಪ ಬದಲಾಗದು: ನಿನ್ನೆಯೂ ಪುಟ್, ಇಂದೂ ಪುಟ್.

ಖಾಯಂ ಆಗಿ ಮನೆ ಮಾಡಿಕೊಂಡವರನ್ನೂ ‘ಎಲ್ಲಿ ಪುಟ್ ಅಪ್’ ಎಂದು ಕೇಳುವುದು ನಮ್ಮ ದೇಶದ ರೂಢಿ. ಇಂಗ್ಲೆಂಡಿನಲ್ಲಿ ಅದು ನಾಲ್ಕು ದಿನ ತಂಗುವ ಮಾತು. ಅಲ್ಲಿಯವರನ್ನು ‘ವೇರ್ ಡು ಯೂ ಲಿವ್?’ ಎಂದು ಕೇಳುವುದೇ ಮೇಲು.

ನಾವು ಎಡವುವುದು ಹಿಂದೆ ‘ವಿತ್’ ಬಂದು ಸೇರಿದಾಗ. ‘ಪುಟ್ ಮಿ ಅಪ್’ ಎಂದರೆ ನನಗೆ ಇಳಿದುಕೊಳ್ಳಲು ಜಾಗ ಕೊಡು. ‘ಪುಟ್ ಅಪ್ ವಿತ್ ಮಿ’ ಎಂದರೆ ನನ್ನನ್ನು ಸಹಿಸಿಕೊ. ಮೊದಲನೆಯದರಲ್ಲಿ ‘ಮಿ’ ನಡುವೆ ತೂರಿಕೊಳ್ಳುತ್ತದೆ. ಎರಡನೆಯದರಲ್ಲಿ ಮೂರೂ ಪದಗಳು ನಮ್ಮ ಲೋಕಲ್ ರೈಲಿನ ಸೀಟಿನವರಂತೆ ಒತ್ತಾಗಿ ಕೂತು, ನಡುವೆ ಯಾರಿಗೂ ಜಾಗ ಬಿಡುವುದಿಲ್ಲ.

ನಾನಾಗ ಡೊಂಬಿವಲಿಯಲ್ಲಿ ಸೋದರಮಾವನ ಮನೆಯಲ್ಲಿದ್ದೆ. ಒಂದು ಕೋಣೆ, ಒಂದು ಅಡುಗೆಮನೆ, ಅವರೇ ಐದು ಜನ. 15 ದಿನಕ್ಕೆಂದು ಬಂದವನು ನಾಲ್ಕು ತಿಂಗಳಾದರೂ ಅಲ್ಲೇ ಇದ್ದೆ. ಒಂದು ಸಂದರ್ಶನದಲ್ಲಿ ಅದೇ ಪ್ರಶ್ನೆ ಬಂತು. ಗೊತ್ತಿರುವ ಪದ ಸಿಕ್ಕ ಹುಮ್ಮಸ್ಸಿನಲ್ಲಿ ‘ಮೈ ಅಂಕಲ್ ಈಸ್ ಪುಟಿಂಗ್ ಅಪ್ ವಿತ್ ಮಿ’ ಎಂದುಬಿಟ್ಟೆ. ಮಾವ ನನ್ನನ್ನು ಸಹಿಸಿಕೊಂಡಿದ್ದಾರೆ! ಕೇಳಿದವರು ನಕ್ಕು, ತಿದ್ದಿದರು.

ರಾತ್ರಿ ಊಟಕ್ಕೆ ಕೂತಾಗ ಇದನ್ನು ಹೇಳಿದೆ. ಮಾವನಿಗೆ ನಗು ತಡೆಯಲಾಗಲಿಲ್ಲ. ಅತ್ತೆಗೆ ಇಂಗ್ಲಿಷ್ ಬಾರದು. ನಾನು ಬಂದಂದಿನಿಂದ ಅಡುಗೆಮನೆಯಲ್ಲಿ ಸಿಲಿಂಡರಿನ ಪಕ್ಕ ಚಾಪೆ ಹಾಸಿ ಮಲಗುತ್ತಿದ್ದವರು ಅವರು.

“ಏನೋ ಅದು? ನನಗೂ ಹೇಳು” ಎಂದರು.

ಕನ್ನಡದಲ್ಲಿ ಹೇಳಲು ನಾಲಿಗೆ ಏಳಲಿಲ್ಲ. “ನಿಮ್ಮನೇಲಿ ಇಳ್ಕೊಂಡಿದ್ದೀನಿ ಅಂದೆ ಅತ್ತೆ, ಅಷ್ಟೆ.”

“ಅದರಲ್ಲಿ ನಗೋದೇನಿದೆ?” ಎನ್ನುತ್ತ ಇನ್ನೊಂದು ಸೌಟು ಸಾರು ಬಡಿಸಿದರು.