ಆಸ್ಪತ್ರೆಗೂ ಮನೆಗೂ ನಡುವೆ

ಬೆಂಗಳೂರಿನ ಶ್ರೀನಗರದಿಂದ ಹೊಸೂರು ರಸ್ತೆಯ ನಿಮ್ಹಾನ್ಸ್ ಸಂಸ್ಥೆಗೆ ಕೆಲವೇ ಕಿಲೋಮೀಟರುಗಳ ದೂರ. ದೇಶದ ನಾನಾ ಭಾಗಗಳ ರೋಗಿಗಳು ಹುಡುಕಿಕೊಂಡು ಬರುವ ಆಸ್ಪತ್ರೆ ನಮ್ಮ ಮಗ್ಗುಲಲ್ಲಿಯೇ ಇದೆ. ಆದರೂ ನಿದ್ರೆಗೆಟ್ಟು, ಓದು ತಲೆಗೆ ಹತ್ತದೆ ಕೊರಗುವ ವಿದ್ಯಾರ್ಥಿಯಾಗಲಿ, ಸಂಬಳವನ್ನೆಲ್ಲ ಕುಡಿತಕ್ಕೆ ತೆರುವ ಗೃಹಸ್ಥನಾಗಲಿ ಅಲ್ಲಿಯ ಬಾಗಿಲು ತಟ್ಟಲು ವರ್ಷಗಟ್ಟಲೆ ಹಿಂಜರಿಯುವುದುಂಟು. ‘ಯಾರಾದರೂ ಕಂಡಾರು’ ಎಂಬ ಅಂಜಿಕೆಯೇ ಈ ದಾರಿಯನ್ನು ಇಷ್ಟು ದೀರ್ಘಗೊಳಿಸಿದೆ. ಅದನ್ನು ಮೊಟಕುಮಾಡುವ ಹೊಣೆ ನೆರೆಹೊರೆಯ ಸಂಸ್ಥೆಗಳದೆಂದು ನಾವು ಭಾವಿಸುತ್ತೇವೆ.

2015–16ರಲ್ಲಿ ನಿಮ್ಹಾನ್ಸ್ ಸಂಸ್ಥೆಯು 12 ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ, ವಯಸ್ಕರಲ್ಲಿ ನೂರಕ್ಕೆ ಸುಮಾರು ಹತ್ತು ಮಂದಿಗೆ ಯಾವುದಾದರೊಂದು ಮಾನಸಿಕ ತೊಂದರೆಯಿತ್ತು. ಅವರಲ್ಲಿ ಚಿಕಿತ್ಸೆ ದೊರೆಯದೆ ಉಳಿದವರು, ರೋಗಕ್ಕನುಸಾರವಾಗಿ, ನೂರಕ್ಕೆ 70ರಿಂದ 92ರಷ್ಟು! ಇಷ್ಟು ಜನರನ್ನು ಮನೋವೈದ್ಯರೇ ನೋಡಿಕೊಳ್ಳಬೇಕೆಂದರೆ ಅದು ಆಗುವ ಮಾತಲ್ಲ.

ಇದಕ್ಕೆ ಪರಿಹಾರವನ್ನು ದೂರದಿಂದ ತರಬೇಕಾದುದೂ ಇಲ್ಲ. 1970ರ ದಶಕದಲ್ಲಿ ನಿಮ್ಹಾನ್ಸ್ ತಜ್ಞರು ಬೆಂಗಳೂರಿನ ಹೊರವಲಯದ ಸಕಲವಾರ ಗ್ರಾಮದಲ್ಲಿ ಕೇಂದ್ರವೊಂದನ್ನು ತೆರೆದು, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ಮನೋರೋಗದ ಲಕ್ಷಣಗಳನ್ನು ಗುರುತಿಸಲು, ಔಷಧಿ ತಪ್ಪದಂತೆ ನೋಡಿಕೊಳ್ಳಲು ಕಲಿಸುವ ಕ್ರಮವನ್ನು ರೂಪಿಸಿದರು. 1980ರ ದಶಕದಲ್ಲಿ ಈ ಕ್ರಮವು ಬಳ್ಳಾರಿ ಜಿಲ್ಲೆಯಲ್ಲೆಲ್ಲ ಪ್ರಯೋಗಕ್ಕೆ ಬಂದಿತು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ. ಹಳ್ಳಿಯಲ್ಲಿ ಸಾಧ್ಯವಾದುದು ಶ್ರೀನಗರದಂತಹ ಬಡಾವಣೆಯಲ್ಲಿ ಅಸಾಧ್ಯವೇ?

ಕುಡಿತದ ಚಟವನ್ನು ಉದಾಹರಣೆಯಾಗಿ ನೋಡೋಣ. ಮದ್ಯವು ಮಿದುಳಿನ ಚಟುವಟಿಕೆಯನ್ನು ತಗ್ಗಿಸುತ್ತದೆ; ನಿತ್ಯವೂ ಹೆಚ್ಚಾಗಿ ಕುಡಿಯುವವನ ಮಿದುಳು ಅದಕ್ಕೆ ಎದುರಾಗಿ ತನ್ನ ಉದ್ರೇಕವನ್ನು ಏರಿಸಿಕೊಂಡಿರುತ್ತದೆ. ಕುಡಿತವನ್ನು ಥಟ್ಟನೆ ನಿಲ್ಲಿಸಿದರೆ ಉಳಿಯುವುದು ಆ ಉದ್ರೇಕವೊಂದೇ. ಕೈನಡುಕ, ಫಿಟ್ಸು, ಎರಡು ಮೂರು ದಿನಗಳಲ್ಲಿ ಭ್ರಾಂತಿ ಕಾಣಿಸಿಕೊಂಡು ಪ್ರಾಣಕ್ಕೇ ಕುತ್ತು ಬರಬಹುದು. ಆದುದರಿಂದ ಆಣೆಪ್ರಮಾಣವೊಂದೇ ಸಾಲದು, ವೈದ್ಯನೂ ಬೇಕು. ಆದರೆ ವೈದ್ಯನ ಕೆಲಸ ಕೆಲವು ವಾರಗಳಲ್ಲಿ ಮುಗಿದೀತು. ಆ ಬಳಿಕ ಆತನು ಹಿಂದಿರುಗುವುದು ಅದೇ ಬೀದಿಗೆ, ಅದೇ ಗೆಳೆಯರ ನಡುವೆಗೆ. ಆಗ ವಾರಕ್ಕೊಮ್ಮೆ ಸೇರುವ ಪರಸ್ಪರ ಸಹಾಯದ ಕೂಟ, ಮನೆಗೆ ಬಂದು ವಿಚಾರಿಸುವ ಆಶಾ ಕಾರ್ಯಕರ್ತೆ, ಮತ್ತೆ ಕೆಲಸ ಕೊಡುವ ಅಂಗಡಿಯ ಯಜಮಾನ, ಇವರಿಲ್ಲದಿದ್ದರೆ ಆಸ್ಪತ್ರೆಯ ಶ್ರಮವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆಯೇ ಸರಿ.

ಪ್ರತಿಯೊಂದು ಬಡಾವಣೆಯ ಆರೋಗ್ಯ ಕೇಂದ್ರದಲ್ಲಿಯೂ ಜ್ವರಕ್ಕೆ ಮದ್ದು ಕೊಡುವ ವೈದ್ಯರೇ ಮನಸ್ಸಿನ ಬೇನೆಯನ್ನೂ ವಿಚಾರಿಸುವಂತಾಗಬೇಕು. ಪ್ರತಿಯೊಂದು ಕಾಲೇಜಿನಲ್ಲಿಯೂ ಗುಟ್ಟು ಕಾಯುವ ಆಪ್ತಸಲಹೆಗಾರರಿರಬೇಕು. ಇದಕ್ಕಾಗಿ ನಗರಾಡಳಿತವು ಹಣ ತೆಗೆದಿಡಬೇಕೆಂದು ಕೇಳುವ ಹಕ್ಕು ನಾಗರಿಕರಿಗಿದೆ.

ವಿದ್ಯಾರ್ಥಿ ಮಿತ್ರರು ಮಾಡಬಹುದಾದುದೂ ಉಂಟು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಇದನ್ನು ನೆನಪಿನಲ್ಲಿಡಿ, ಬೇಕಾದವರಿಗೆ ತಿಳಿಸಿ. ಬೆಂಗಳೂರಿನ ಹಳೆಯ ‘ಹುಚ್ಚಾಸ್ಪತ್ರೆ’ಗೆ ಮೈಸೂರು ಸಂಸ್ಥಾನವು 1925ರಲ್ಲಿಯೇ ಮಾನಸಿಕ ಆಸ್ಪತ್ರೆಯೆಂದು ಹೆಸರಿಟ್ಟಿತು. ಶತಮಾನ ಕಳೆದರೂ ನಮ್ಮ ನಾಲಗೆ ಆ ಹಳೆಯ ಮಾತನ್ನು ಬಿಟ್ಟಿಲ್ಲ. ಅದನ್ನು ಬಿಡುವುದಕ್ಕೆ ಯಾವ ಅನುದಾನವೂ ಬೇಕಾಗಿಲ್ಲ.